ವಾಲಿದ ಕೆರೆಮಣ್ಣು

ನಮ್ಮ ಭೂವಿಜ್ಞಾನದ ಸರ್ ಕಲಬುರಗಿಯವರು. ಸಂಭಾಜಿನಗರದ ಕಾಲೇಜಿನಿಂದ ನಮ್ಮನ್ನು ಹೊರಗೆ ಕರೆದೊಯ್ದಾಗಲೆಲ್ಲ ಚೂರು ಮಣ್ಣನ್ನು ಹಲ್ಲಿನಲ್ಲಿ ಕಡಿದು ನೋಡುತ್ತಿದ್ದರು. ಕರಕರ ಎನ್ನದಿದ್ದರೆ, "ನಿಂತ ನೀರಿನ ಮಣ್ಣದ. ಕೆರಿ ಇತ್ರಿ ಇಲ್ಲಿ," ಎನ್ನುತ್ತಿದ್ದರು.

ಖುಲ್ತಾಬಾದ್ ರಸ್ತೆ ಅಗಲಿಸಲು ಗುಡ್ಡ ಕಡಿಯುತ್ತಿದ್ದಲ್ಲಿಯೂ ಹಾಗೆಯೇ ಅಂದರು. ಎರಡು ಕರಿಕಲ್ಲಿನ ಪದರಗಳ ನಡುವೆ ಹಳದಿ ಜೇಡಿಮಣ್ಣು ರಸ್ತೆಯ ಕಡೆಗೆ ವಾಲಿತ್ತು. ಸರ್ ನೇರ ಹೋಗಿ ಜೆಸಿಬಿಯ ಎದುರು ನಿಂತರು.

"ಇದು ಮಟ್ಟಸ ಕೂತಿದ್ದ ಮಣ್ಣು. ನೆಲಾ ಎದ್ದು ವಾಲಿಸ್ಯದ. ಬುಡ ಕಡದ್ರ ಮ್ಯಾಲಿನ ಕಲ್ಲು ಜಾರತದ. ಡ್ರೈವರ್‌ಗ ಇಳಸ್ರಿ!"

ಬೀದರ್ ಕಡೆಯ ಮೇಲ್ವಿಚಾರಕ ನಕ್ಕ. "ಕೆರಿ ಎಲ್ಲದರಿ ಸರ್? ಒಂದ್ ಮೀನರ ತೋರಸ್ರಿ."

"ಮೀನ ಆಮ್ಯಾಲ. ಮೊದಲ ಅವನಿಗಿ ಇಳಸ್ರಿ. ಇಲ್ಲಂದ್ರ ನನ್ನ ಮ್ಯಾಲೇ ಹಾಯಿಸ್ರಿ."

ಡ್ರೈವರ್ ಗೊಣಗುತ್ತ ಇಳಿದು ರಸ್ತೆಯ ಆಚೆಗೆ ಬಂದ. ಸರ್ ನಮ್ಮನ್ನೂ ಅಲ್ಲಿಗೆ ಅಟ್ಟಿ ಹಿಂದೆಯೇ ಬಂದರು. ಅವನು ಬೀಡಿ ಹಚ್ಚುವಷ್ಟರಲ್ಲಿ ಗುಡ್ಡ ಜಾರಿತು. ಅವನು ಕೂತಿದ್ದ ಸೀಟು ಕಲ್ಲಿನಡಿ ಹೋಯಿತು. ಈಗಲೂ ಎಲ್ಲಾದರೂ ಲಾರಿ ಜಲ್ಲಿ ಸುರಿದರೆ ನಾನು ರಸ್ತೆಯ ಆಚೆಗೆ ಓಡುತ್ತೇನೆ.

"ದೇವರ ಉಳಿಸ್ದ," ಎಂದ ಮೇಲ್ವಿಚಾರಕ. "ನಾಳಿ ಇನ್ನೊಂದ್ ಮಷೀನ್ ತಂದು ಆ ತಿರುವಿನ್ಯಾಗ ಕಡೀತೀವಿ."

ಸರ್ ಆಗಲೇ ತಿರುವಿನ ಕಡೆ ನಡೆದಿದ್ದರು. "ಅಲ್ಲೂ ಇದೇ ಮಣ್ಣದರಿ. ನಾ ಮೊದಲ ಹೋಗಿ ನಿಂತಿರ್ತೀನಿ. ನೀವು ಮಷೀನ್ ತರ್ರಿ."