ಕೌದಿಯ ಮೂಲೆಯ ರೊಟ್ಟಿ

ವಿದ್ಯಾವತಿಯನ್ನು ಒಂದು ಕಡೆ ಸುಮ್ಮನೆ ಕೂಡಿಸಿ ತೋರಿಸಿದವರಿಗೆ ಬಹುಮಾನ ಕೊಡಬೇಕು. ಒಲೆಯ ಮೇಲೆ ಸಾರು ಕುದಿಯುತ್ತಿರುವಾಗಲೇ ಪಾರ್ಸೆಲ್ಲಿಗೆ ಟೇಪು ಹಚ್ಚುತ್ತಾಳೆ, ಟೇಪನ್ನು ಅರ್ಧಕ್ಕೆ ಬಿಟ್ಟು ಫೋನು ನೋಡುತ್ತಾಳೆ, ಫೋನು ಕಿವಿಗಿಟ್ಟುಕೊಂಡೇ ಬಾಗಿಲಿಗೆ ಓಡುತ್ತಾಳೆ. "ಇಕಿ ಕಾಲಾಗ ಚಕ್ರ ಅದಾವ" ಎಂದು ಗಂಡ ಸತೀಶಕುಮಾರ ನಗುತ್ತಾನೆ. ನಗಲಿ ಬಿಡಿ. ಅವನದು ಕಿರಾಣಿ ಅಂಗಡಿ, ಕೊಳ್ಳುವವರು ಕಣ್ಣೆದುರಿಗೇ ನಿಂತಿರುತ್ತಾರೆ. ಇವಳ ಗಿರಾಕಿಗಳ ಮುಖವನ್ನು ಇವಳು ಕಂಡೇ ಇಲ್ಲ. ಯಾವ ಹೊತ್ತಿಗೆ ಯಾರು ಏನು ಕೇಳುತ್ತಾರೋ ಗೊತ್ತಿಲ್ಲದವಳು ನೆಮ್ಮದಿಯಿಂದ ಕೂಡುವುದಾದರೂ ಹೇಗೆ?

ಅವಳು ಮಾರುವುದು ಕೌದಿ. ಹಳೆಯ ಸೀರೆಗಳನ್ನು ಪದರು ಪದರಾಗಿ ಹಾಸಿ, ಮೇಲೆ ಬಣ್ಣದ ತುಂಡು ಜೋಡಿಸಿ, ಸೂಜಿಯಿಂದ ಸಾಲುಸಾಲಾಗಿ ಹೊಲಿದ ಹೊದಿಕೆ. ವಿಜಯಪುರದ ಎರಡು ಕೋಣೆಯ ಮನೆಯೇ ಅಂಗಡಿ, ಫೋನೇ ಗಲ್ಲಾಪೆಟ್ಟಿಗೆ. ಶುರುವಾದದ್ದು ತೀರ ಅಕಸ್ಮಾತ್ತಾಗಿ. ತವರುಮನೆ ಬಬಲೇಶ್ವರದಲ್ಲಿ ಬಾಣಂತನಕ್ಕಿದ್ದಾಗ, ಕೌದಿಯ ಮೇಲೆ ಕೂಸನ್ನು ಮಲಗಿಸಿ ಜಾಲತಾಣದ ತನ್ನ ಪುಟದಲ್ಲಿ ಫೋಟೋ ಹಾಕಿದಳು. ಕೂಸು ಚೆಂದ ಎಂದವರು ಕಡಿಮೆ, ಕೌದಿ ಎಲ್ಲಿ ಸಿಗುತ್ತದೆ ಎಂದವರೇ ಹೆಚ್ಚು. ಹೆತ್ತವಳಿಗೆ ಸಿಟ್ಟೂ ಬಂತು, ಉಪಾಯವೂ ಹೊಳೆಯಿತು.

ಆ ಕೌದಿ ಹೊಲಿದವಳು ಟಿಕೋಟಾದ ರುದ್ರವ್ವ, ವಿದ್ಯಾವತಿಯ ತಾಯಿಯ ಹಳೆಯ ಗೆಳತಿ. ಅಂದಿನಿಂದ ದೂರದೂರಿನ ಹೆಣ್ಣುಮಕ್ಕಳು ತಮ್ಮ ಮನೆಯ ಸೀರೆಗಳನ್ನು ಕಳಿಸುವುದು, ವಿದ್ಯಾವತಿ ಅವನ್ನು ಟಿಕೋಟಾಕ್ಕೆ ಮುಟ್ಟಿಸುವುದು, ರುದ್ರವ್ವ ಹೊಲಿಯುವುದು, ಸ್ಟೇಷನ್ ರಸ್ತೆಯ ಕೊರಿಯರಿನಿಂದ ಕೌದಿ ಹೊರಡುವುದು, ಹೀಗೆ ಮೂರು ವರ್ಷ ನಡೆಯಿತು.

ಪೆಟ್ಟು ತಿಂದು ತಿಂದೇ ವಿದ್ಯಾವತಿ ವ್ಯಾಪಾರ ಕಲಿತಳು. ಹೊಲಿಯಲು ಹದಿನೈದು ದಿನ ಬೇಕಾದರೆ ಗಿರಾಕಿಗೆ ತಿಂಗಳು ಹೇಳಬೇಕು. ಬೇಗ ಮುಟ್ಟಿದರೆ ಹರಸುತ್ತಾರೆ, ತಡವಾದರೆ ಜನ್ಮ ಜಾಲಾಡುತ್ತಾರೆ. ಬಂದ ಸೀರೆಗಳನ್ನು ಬಿಚ್ಚಿದ ಕೂಡಲೇ ಫೋಟೋ ತೆಗೆದು ಕಳಿಸಬೇಕು, ಇಲ್ಲದಿದ್ದರೆ "ನಮ್ಮ ರೇಷ್ಮೆ ಎಲ್ಲಿ ಹೋಯಿತು" ಎಂದು ಮೈಮೇಲೆ ಬರುತ್ತಾರೆ. ಮನೆಯ ನಂಬರು ಬೇರೆ ಇರಬೇಕು, ವ್ಯಾಪಾರದ್ದು ಬೇರೆ. ಮಳೆಗಾಲದಲ್ಲಿ ಪ್ಲಾಸ್ಟಿಕ್ ಸುತ್ತದೆ ಏನನ್ನೂ ಕಳಿಸಬಾರದು. ಇವೆಲ್ಲಕ್ಕಿಂತ ದೊಡ್ಡದನ್ನು ಯಾವುದೋ ವಿಡಿಯೋದಲ್ಲಿ ಕೇಳಿ ಮಂತ್ರದ ಹಾಗೆ ಹಿಡಿದುಕೊಂಡಿದ್ದಳು: ಯಾರಾದರೂ ತಕರಾರು ತೆಗೆದರೆ ತಡಮಾಡಬೇಡಿ, ಕೂಡಲೇ ಉತ್ತರ ಕೊಡಿ.

ಒಂದು ಮಾತನ್ನು ಮಾತ್ರ ಅವಳು ಯಾರಿಗೂ ಹೇಳಿರಲಿಲ್ಲ. ಅವಳ ಪುಟದಲ್ಲಿದ್ದ ವಿಡಿಯೋಗಳಲ್ಲಿ ಕಾಣುತ್ತಿದ್ದದ್ದು ಎರಡು ಕೈ, ಹಸಿರು ಬಳೆ, ಓಡುವ ಸೂಜಿ. ಮುಖ ಇರಲಿಲ್ಲ. ಜನ "ನಿಮ್ಮ ಕೈಗೆ ನಮಸ್ಕಾರ ಅಕ್ಕಾ" ಎಂದು ಬರೆಯುತ್ತಿದ್ದರು. ವಿದ್ಯಾವತಿ ಕೈಮುಗಿದ ಚಿತ್ರ ಕಳಿಸಿ ಸುಮ್ಮನಾಗುತ್ತಿದ್ದಳು. ಸುಳ್ಳನ್ನೇನೂ ಹೇಳಲಿಲ್ಲವಲ್ಲ! ಸುಮ್ಮನಿದ್ದಳು, ಅಷ್ಟೇ.

ಶ್ರಾವಣದ ಒಂದು ಮುಂಜಾನೆ, ಬಾಯಿಗೆ ತುತ್ತು ಇಡುವ ಮೊದಲೇ ಫೋನು ಟಿಣ್ ಎಂದಿತು. ದಾವಣಗೆರೆಯ ವಿಜಯಲಕ್ಷ್ಮೀ ಎಂಬ ಗಿರಾಕಿ ಪುಟದಲ್ಲೇ, ಎಲ್ಲರಿಗೂ ಕಾಣುವಂತೆ ವಿಡಿಯೋ ಹಾಕಿದ್ದಳು. ಕೌದಿಯ ಒಂದು ಮೂಲೆ ತೂತು ಬಿದ್ದಿತ್ತು. ತೂತಿನೊಳಗೆ ಬೂಸ್ಟು ಹಿಡಿದ ರೊಟ್ಟಿಯ ಚೂರು, ಅದರ ಸುತ್ತ ಇರುವೆ. ಮಳೆಗೆ ಪಾರ್ಸೆಲ್ಲು ಯಾವುದೋ ಗೋದಾಮಿನಲ್ಲಿ ವಾರವಿಡೀ ಬಿದ್ದು, ರೊಟ್ಟಿಯ ವಾಸನೆಗೆ ಇಲಿ ಕಡಿದಿತ್ತು. ಕೆಳಗೆ ಒಂದೇ ಸಾಲು: "ತೀರಿಹೋದ ನನ್ನ ಅಮ್ಮನ ಸೀರೆಗಳು ಇವು."

ವಿದ್ಯಾವತಿ ವಿಡಿಯೋವನ್ನು ಮತ್ತೊಮ್ಮೆ ನೋಡಿದಳು. ಅಯ್ಯೋ, ರೊಟ್ಟಿ! ಕೌದಿಯ ಕೊನೆಯ ಮೂಲೆ ಮುಚ್ಚುವ ಮೊದಲು ರೊಟ್ಟಿಯ ಚೂರು ಇಡುವುದು ಆ ಕಡೆಯ ಹಳೆಯ ಹೆಂಗಸರ ಪದ್ಧತಿ. ಸಣ್ಣವಳಿದ್ದಾಗ ತಾನೇ ಎಷ್ಟೋ ಸಲ ನೋಡಿದ್ದಳು. ಮನೆಯ ಕೌದಿ ಮನೆಯಲ್ಲೇ ಇರುವಾಗ ಅದರಿಂದ ಯಾರಿಗೆ ಏನು ತೊಂದರೆ? ಕೊರಿಯರಿಗೆ ಹಾಕುವಾಗ ಅದು ನೆನಪಿಗೇ ಬಂದಿರಲಿಲ್ಲ.

ಕೂಡಲೇ ಉತ್ತರ ಕೊಡಬೇಕು. ಕೊಟ್ಟೇಬಿಟ್ಟಳು. "ಕ್ಷಮಿಸಿ ಮೇಡಂ. ಇದು ಹೊಲಿಯುವ ಟಿಕೋಟಾದ ರುದ್ರವ್ವನ ತಪ್ಪು. ನನ್ನನ್ನು ಕೇಳದೆ ರೊಟ್ಟಿ ಇಟ್ಟಿದ್ದಾಳೆ. ಇನ್ನು ಮುಂದೆ ಅವಳಿಂದ ಹೊಲಿಸುವುದಿಲ್ಲ. ನಿಮ್ಮ ಹಣ ವಾಪಸ್ ಕೊಡುತ್ತೇನೆ." ಕಳಿಸಿ ಉಸಿರು ಬಿಡುವಷ್ಟರಲ್ಲಿ ಯಾರೋ ಕೇಳಿದರು: "ಹಾಗಾದರೆ ವಿಡಿಯೋದಲ್ಲಿದ್ದ ಕೈ ನಿಮ್ಮದಲ್ಲವೇ?" ವಿಜಯಲಕ್ಷ್ಮೀಯಿಂದ ಬಂದ ಉತ್ತರ ಚಿಕ್ಕದು. "ಹಣ ಬೇಡ. ಕೌದಿ ವಾಪಸ್ ಕಳಿಸುತ್ತಿದ್ದೇನೆ. ಅಮ್ಮನನ್ನು ಮೊದಲಿನ ಹಾಗೆ ಮಾಡಿಕೊಡಿ."

ಕೌದಿ ಬರುವವರೆಗೆ ವಿದ್ಯಾವತಿಯದು ಹಂಚಿನ ಮೇಲೆ ಕೂತವರ ಪಾಡು. ಪುಟ ತೆರೆಯುವುದು, ಮುಚ್ಚುವುದು, ಮತ್ತೆ ತೆರೆಯುವುದು. ಬರೆದದ್ದನ್ನು ಅಳಿಸಿದಳು. ಅಳಿಸಿದರೆ ಓದಿದವರು ಮರೆಯುತ್ತಾರೆಯೇ? ರುದ್ರವ್ವನಿಗೆ ಫೋನು ಹಚ್ಚಲು ಕೈ ಬರಲಿಲ್ಲ. ಅವಳು ಹೊಲಿಯುವುದನ್ನು ಬಿಟ್ಟರೆ ಈ ವ್ಯಾಪಾರ ಅಲ್ಲಿಗೇ ಮುಗಿಯಿತು. ಹಿಂದೆ ಬಳೆ ಮಾರಿ, ಕ್ರೀಮು ಮಾರಿ ಕೈಸುಟ್ಟುಕೊಂಡವಳಿಗೆ ಕೈಹಿಡಿದದ್ದು ಇದೊಂದೇ.

ಪಾರ್ಸೆಲ್ಲು ಬಂದ ದಿನ ಅದನ್ನು ಸ್ಟೇಷನ್ ರಸ್ತೆಯಿಂದ ಎತ್ತಿಕೊಂಡವಳೇ ಸೀದಾ ಟಿಕೋಟಾ ಬಸ್ಸು ಹತ್ತಿದಳು. "ನಾಷ್ಟಾ ಆದ್ರೂ ಮಾಡಿ ಹೋಗ" ಎಂದ ಸತೀಶಕುಮಾರನ ಮಾತು ಕಿವಿಗೆ ಬೀಳಲಿಲ್ಲ. ದಾರಿಯುದ್ದಕ್ಕೂ ಜಗಳದ ಮಾತು ಜೋಡಿಸಿಕೊಂಡಳು. ತಪ್ಪು ಆಕೆಯದೇ ತಾನೆ? ಕೇಳಬೇಕೋ ಬೇಡವೋ?

ರುದ್ರವ್ವ ಪಡಸಾಲೆಯಲ್ಲಿ ಕಾಲು ಚಾಚಿ ಕೂತಿದ್ದಳು. ಪಕ್ಕದ ಮನೆಯ ದರ್ಜಿ ಅಬೇದಾ ಅಲ್ಲೇ ಬಟ್ಟೆ ಕತ್ತರಿಸುತ್ತಿದ್ದವಳು, ಬಂದವಳನ್ನು ನೋಡಿ ಮುಖ ತಿರುಗಿಸಿದಳು. ವಿದ್ಯಾವತಿಗೆ ಅಲ್ಲೇ ಗೊತ್ತಾಯಿತು. ಅಬೇದಾ ಪುಟ ಓದಿದ್ದಾಳೆ, ರುದ್ರವ್ವನಿಗೂ ಹೇಳಿದ್ದಾಳೆ.

"ಆಯಿ, ರೊಟ್ಟಿ ಯಾಕ ಇಟ್ಟಿ?" ಜೋಡಿಸಿಕೊಂಡು ಬಂದದ್ದರಲ್ಲಿ ಇಷ್ಟೇ ಹೊರಬಂತು.

"ಕೌದಿ ಹಸದಿರಬಾರದಂತ ಇಟ್ಟೆ. ನಮ್ಮವ್ವನೂ ಇಡತಿದ್ಲು, ನಿಮ್ಮವ್ವನೂ ಇಡತಾಳ. ಇಲಿ ಬರತದಂತ ನನಗೇನ ಗೊತ್ತ? ಬ್ಯಾಡ ಅಂತ ನೀ ಒಂದ ಮಾತ ಹೇಳಿದ್ದಿ ಅಂದ್ರ ಇಡತಿದ್ದಿಲ್ಲ." ರುದ್ರವ್ವನ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಹೆಚ್ಚು ಸುಟ್ಟಿತು. "ಅದ ಹೋಗಲಿ. ಮೂರ ವರ್ಷ ನನ್ನ ಹೆಸರ ಎಲ್ಲಿತ್ತ ಬೇ? ಚಲೋ ಕೌದಿಗೆಲ್ಲಾ ನೀ ಇದ್ದಿ. ಕೆಟ್ಟ ಕೌದಿಗಷ್ಟ ನಾ ನೆನಪಾದ್ನೇನ?"

ವಿದ್ಯಾವತಿಗೆ ನಿಂತ ನೆಲ ಬಾಯಿ ತೆರೆಯಬಾರದೇ ಎನ್ನಿಸಿತು. ತಲೆ ತಗ್ಗಿಸಿ ಪಾರ್ಸೆಲ್ಲಿನ ಟೇಪು ಕೀಳತೊಡಗಿದಳು.

"ಕೌದಿ ಇಲ್ಲಿ ಕೊಡ. ಅವ್ವನ್ನ ಕಳಕೊಂಡ ಆ ಮಗಳ ಮಾರಿ ನೋಡಿ ಹೊಲದ ಕೊಡತೇನಿ. ಮುಂದಿನವನ್ನ ನೀನ ಹೊಲಕೊ."

ರುದ್ರವ್ವ ಮೂಲೆಯನ್ನು ಬಿಚ್ಚಿದಳು. ಮೇಲೆ ಹಚ್ಚಲು ಅಮ್ಮನ ಸೀರೆಯ ತುಂಡು ಉಳಿದಿರಲಿಲ್ಲ. ಒಳಪದರಿನಿಂದ ಅದೇ ಅಮ್ಮನ ಸೀರೆಯ ಚೂರು ಕತ್ತರಿಸಿ ಮೇಲಕ್ಕೆ ತಂದಳು, ಒಳಗಿನ ಖಾಲಿ ಜಾಗಕ್ಕೆ ಬೇರೆ ಹಳೆಯ ಬಟ್ಟೆ ತುಂಬಿದಳು. ವಿದ್ಯಾವತಿ ಎದುರಿಗೆ ಕೂತಿದ್ದಳು. ಫೋನು ಎಷ್ಟು ಸಲ ಟಿಣ್ ಎಂದರೂ ತೆಗೆಯಲಿಲ್ಲ. ಸೂಜಿ ಬಟ್ಟೆಯೊಳಗೆ ಹೊಕ್ಕು ಹೊರಬರುವುದನ್ನು ಅವಳು ಮೂರು ವರ್ಷದಲ್ಲಿ ಫೋನಿನ ಅಡ್ಡವಿಲ್ಲದೆ ನೋಡಿದ್ದೇ ಇಲ್ಲ. ಆ ಬೆರಳುಗಳ ತುದಿ ದಪ್ಪಗಟ್ಟಿ ಸೀಳು ಬಿಟ್ಟಿತ್ತು. ವಿಡಿಯೋದಲ್ಲಿ ಅದು ಕಂಡಿರಲಿಲ್ಲ.

"ನಂದ ತಪ್ಪ, ಆಯಿ," ಎಂದಳು ಕೊನೆಗೆ. "ಮಂದಿ ನಮಸ್ಕಾರ ಅಂದಾಗ ತಗೊಂಡೆ. ಬೈದಾಗ ನಿನ್ನ ಕಡೆ ದೂಡಿದೆ."

ರುದ್ರವ್ವ ಸೂಜಿ ಓಡಿಸುತ್ತಲೇ ಇದ್ದಳು. ವಿದ್ಯಾವತಿ ಫೋನು ತೆಗೆದಳು. ಈ ಸಲ ನಿಧಾನವಾಗಿ, ಅಳಿಸಿ ತಿದ್ದಿ ಬರೆದಳು. ಬರೆದದ್ದನ್ನು ಅಬೇದಾ ಇಸಿದುಕೊಂಡು ಗಟ್ಟಿಯಾಗಿ ಓದಿದಳು: "ಇಲ್ಲಿಯ ಎಲ್ಲ ಕೌದಿಗಳನ್ನೂ ಹೊಲಿದವರು ಟಿಕೋಟಾದ ರುದ್ರವ್ವ. ರೊಟ್ಟಿ ಅವರ ಪದ್ಧತಿ. ಅದನ್ನು ನೋಡದೆ ಪಾರ್ಸೆಲ್ ಮಾಡಿದ್ದು ನನ್ನ ತಪ್ಪು. ಇಷ್ಟು ದಿನ ಅವರ ಹೆಸರು ಹೇಳದಿದ್ದದ್ದು ಇನ್ನೂ ದೊಡ್ಡ ತಪ್ಪು."

"ಓದಿದ್ದ ಕೇಳಸ್ತ," ಎಂದಳು ರುದ್ರವ್ವ, ತಲೆ ಎತ್ತದೆ. "ಕಳಸೋದಿದ್ರ ಕಳಸು."

ಕಳಿಸಿದಳು. ಜೊತೆಗೆ ಒಂದು ಫೋಟೋ, ಮುಖ ಸಮೇತ.

ಮುಚ್ಚುವುದಕ್ಕೆ ಬೊಗಸೆಯಷ್ಟು ಜಾಗ ಉಳಿಯಿತು. ರುದ್ರವ್ವ ಬುಟ್ಟಿಯಿಂದ ಜೋಳದ ರೊಟ್ಟಿ ತೆಗೆದು ಚೂರು ಮುರಿದಳು. ತಡೆಯಲೆಂದು ವಿದ್ಯಾವತಿಯ ಕೈ ಮೇಲೆದ್ದಿತು, ಅರ್ಧದಲ್ಲೇ ಇಳಿಯಿತು. ಯಾವ ಬಾಯಿಂದ ಬೇಡ ಎನ್ನುವುದು? ರುದ್ರವ್ವ ಚೂರನ್ನು ಮೂಲೆಯೊಳಗೆ ಇಟ್ಟು, ಕಣ್ಣು ಮುಚ್ಚಿ ತುಟಿಯಲ್ಲೇ ಏನೋ ಅಂದಳು. ಆಮೇಲೆ ಚೂರನ್ನು ಹೊರಗೆ ತೆಗೆದು ಇವಳ ಕಡೆ ಚಾಚಿದಳು.

"ಹಿಡಿ. ಕೌದಿ ಉಂಡಾತು. ಮುಂಜಾನಿಂದ ಹೊಟ್ಟಿಗಿ ಏನೂ ಹಾಕಿಲ್ಲ ನೀ, ಮಾರಿ ನೋಡಿದ್ರ ಗೊತ್ತಾಗತೈತಿ."

ವಿದ್ಯಾವತಿ ಅಗಿದಳು. ಕಣ್ಣಿನ ನೀರಿಗೆ ರೊಟ್ಟಿ ಉಪ್ಪಾಯಿತು. ಫೋನು ಟಿಣ್ ಎಂದಿತು. ವಿಜಯಲಕ್ಷ್ಮೀ.

"ಆಯಿ, ದಾವಣಗೆರಿಯವ್ರು... ನಿಮ್ಮ ಕೈಗೆ ನಮಸ್ಕಾರ ಅಂದಾರ."

ರುದ್ರವ್ವ ಸೂಜಿಗೆ ಹೊಸ ದಾರ ಪೋಣಿಸುತ್ತಿದ್ದಳು. "ಕೈಯಾಗ ಸೂಜಿ ಐತಿ, ರುದ್ರವ್ವ ಆಮ್ಯಾಲ ತಗೋತಾಳಂತ ಹೇಳು" ಎಂದಳು. "ಮತ್ತ ಮುಂದಿನ ಸೀರಿ ಎಲ್ಲಿ ಅದಾವ? ತಂದಿಯೋ, ಬರೇ ಕೈಲೆ ಬಂದಿಯೋ?"