ಟೇಸ್ಟರ್ ಮಾವ ದ್ರಾಕ್ಷಿತೋಟಕ್ಕೆ ಹೋದದ್ದು

ಕಳೆದ ವಾರ ಆಫೀಸಿನ ಡ್ರಾಯರಿನಲ್ಲಿ ಸ್ಟೇಪ್ಲರ್ ಪಿನ್ ಹುಡುಕುತ್ತಿದ್ದಾಗ ಕೈಗೆ ಒಂದು ಕಾರ್ಕ್ ಸಿಕ್ಕಿತು. ವೈನ್ ಬಾಟಲಿಯದು, ಒಂದು ತುದಿ ನೇರಳೆ ಬಣ್ಣಕ್ಕೆ ತಿರುಗಿದ್ದು. ಮೂಗಿಗೆ ಹಿಡಿದೆ. ಏನೂ ಬರಲಿಲ್ಲ. ಗಾಬರಿಯಾಗಿ ಮೇಜಿನ ಮೇಲಿದ್ದ ಕಾಫಿ ಲೋಟವನ್ನು ಎತ್ತಿ ಮೂಸಿದೆ. ಕಾಫಿ ಘಮ್ಮೆಂದಿತು. ಸದ್ಯ, ನನ್ನ ಮೂಗು ನೆಟ್ಟಗಿದೆ. ಹೀಗೆ ಮೂಗನ್ನು ಪರೀಕ್ಷೆ ಮಾಡಿಕೊಳ್ಳುವ ಚಟ ನನಗೆ ಅಂಟಿದ್ದು ಪಕ್ಕದ ಮನೆಯ ಟೇಸ್ಟರ್ ಮಾವನಿಂದ...

ಚಿಕ್ಕಮಗಳೂರಿನಲ್ಲಿ ನನ್ನದೊಂದು ಸಣ್ಣ ಟ್ರಾವೆಲ್ಸ್ ಆಫೀಸು. ಮಾವ ಅಂದರೆ ರಕ್ತಸಂಬಂಧವೇನಲ್ಲ, ಕಾಂಪೌಂಡ್ ಗೋಡೆಯ ಸಂಬಂಧ. ಅವರು ಕಾಫಿ ಬೀಜ ಹಸನು ಮಾಡುವ ಕ್ಯೂರಿಂಗ್ ವರ್ಕ್ಸಿನಲ್ಲಿ ಟೇಸ್ಟರ್ ಆಗಿದ್ದರು. ಮೂಡಿಗೆರೆ, ಕಳಸದ ಕಡೆಯ ತೋಟಗಳಿಂದ ಬಂದ ಕಾಫಿಯನ್ನು ಹುರಿದು, ಪುಡಿ ಮಾಡಿ, ಸಾಲಾಗಿಟ್ಟ ಕಪ್ಪುಗಳಲ್ಲಿ ಬಿಸಿನೀರು ಹೊಯ್ದು ಕಾಯುವುದು. ಆಮೇಲೆ ಚಮಚದಲ್ಲಿ ಸೊರ್ರೆಂದು ಎಳೆದು, ಬಾಯಲ್ಲಿ ಆಡಿಸಿ, ಉಗಿದು ತೀರ್ಪು ಕೊಡುವುದು. ಕಣದಲ್ಲಿ ಮಳೆಗೆ ನೆನೆದದ್ದೋ, ಹೊಗೆ ತಗುಲಿದ್ದೋ, ಎಲ್ಲವೂ ಆ ಮೂಗಿಗೆ ಸಿಕ್ಕಿಬೀಳುತ್ತಿತ್ತು. ದೊಡ್ಡ ದೊಡ್ಡ ಬೆಳೆಗಾರರೂ ಅವರ ಮಾತಿಗೆ ಎದುರಾಡುತ್ತಿರಲಿಲ್ಲ. ಅದೇ ಚಾಳಿ ಮನೆಯಲ್ಲೂ ಇತ್ತು. ಯಾರ ಮನೆಯ ಕಾಫಿಗಾದರೂ ಹೆಸರಿಡದೆ ಲೋಟ ಕೆಳಗಿಟ್ಟವರಲ್ಲ. ನನ್ನ ಕಾಫಿಯನ್ನು ಒಮ್ಮೆ ಹೊಗಳಿದ್ದರು, “ಬಿಸಿಯಾಗಿದೆ” ಅಂತ.

ಕೆಲವು ವರ್ಷಗಳ ಹಿಂದಿನ ಮಾತು, ಅವರ ಮದುವೆಗೆ ಮೂವತ್ತು ತುಂಬುವ ವರ್ಷ. ದೀಪಾವಳಿ ಕಳೆದ ಮೇಲೆ ಒಂದು ದಿನ ಅತ್ತೆ, ಅಂದರೆ ಮಾವನ ಹೆಂಡತಿ, ನನ್ನ ಆಫೀಸಿಗೆ ಬಂದು ಕುಳಿತರು. ನಾಸಿಕದ ದ್ರಾಕ್ಷಿತೋಟಗಳಿಗೆ ಹೋಗಬೇಕಂತೆ. ತೋಟದೊಳಗೇ ಉಳಿದುಕೊಳ್ಳಬಹುದು, ವೈನ್ ಮಾಡುವುದನ್ನು ತೋರಿಸುತ್ತಾರೆ, ರುಚಿ ನೋಡಲು ಕೊಡುತ್ತಾರೆ ಎಂದು ಮೊಬೈಲಿನಲ್ಲಿ ನೋಡಿದ್ದರಂತೆ. ನನಗೆ ನಗು ತಡೆಯಲಾಗಲಿಲ್ಲ. ಸೋಮವಾರ ಒಪ್ಪೊತ್ತು ಮಾಡುವ, ಹಣೆ ತುಂಬ ವಿಭೂತಿ ಇಡುವ ಮನೆಯವರು ಇವರು.

“ಅತ್ತೆ, ಅಲ್ಲಿ ಹೋಗಿ ನೀವು ಕುಡೀತೀರಾ?”

“ಕುಡಿಯೋದು ಎಂಥದು ಮಾರಾಯ್ತಿ? ಬಾಯಲ್ಲಿಟ್ಟು ಉಗಿಯೋದಂತೆ. ನಮ್ಮನೆಯವ್ರಿಗೆ ಬರೋದೇ ಅದೊಂದಲ್ವಾ!”

ನಾನು ಖುಷಿಯಿಂದಲೇ ಕೆಲಸ ಶುರು ಮಾಡಿದೆ. ಬೀರೂರಿನಿಂದ ಪುಣೆಗೆ ರೈಲು, ಅಲ್ಲಿಂದ ಕಾರು, ಒಂದು ತೋಟದ ಅತಿಥಿಗೃಹ. ಜನವರಿಯ ಕೊನೆಯಲ್ಲಿ ಅವರ ಮದುವೆಯಾದ ದಿನ. ದ್ರಾಕ್ಷಿ ಕೊಯ್ಲೂ ಆಗಲೇ. ಕ್ಯೂರಿಂಗ್ ವರ್ಕ್ಸಿನಲ್ಲಿ ಹೊಸ ಬೆಳೆಯ ಕಾಫಿ ರುಚಿ ನೋಡುವುದು ಫೆಬ್ರವರಿಯಲ್ಲಿ ಶುರು ಎಂದು ಅತ್ತೆ ಹೇಳಿದ್ದರಿಂದ ಮಾವನಿಗೂ ಬಿಡುವು. ಎಲ್ಲ ಹೊಂದಿಕೊಂಡಿತ್ತು.

ಆಮೇಲೆ ಆ ಬೆಳಗ್ಗೆ ಬಂತು. ರೈಲಿನ ಸಮಯ ತೋರಿಸೋಣವೆಂದು ಅವರ ಮನೆಗೆ ಹೋದೆ. ಅತ್ತೆ ಸಂತೆಗೆ ಹೋಗಿದ್ದರು. ಬಾಗಿಲು ದಾಟುತ್ತಿದ್ದಂತೆ ಗ್ಯಾಸಿನ ವಾಸನೆ ಗಪ್ಪೆಂದು ಮುಖಕ್ಕೆ ಬಡಿಯಿತು. ಅಡುಗೆಮನೆಯಲ್ಲಿ ಹಾಲು ಉಕ್ಕಿ ಒಲೆ ಆರಿಹೋಗಿತ್ತು, ಗ್ಯಾಸು ಸುಯ್ಯೆನ್ನುತ್ತಿತ್ತು. ಮಾವ ಪೇಪರ್ ಮಡಿಸಿ ಕಂಕುಳಲ್ಲಿಟ್ಟುಕೊಂಡು, ಆರಾಮಾಗಿ, ಒಲೆಯ ಹತ್ತಿರ ಲೈಟರ್ ಹಿಡಿದು ಬಗ್ಗುತ್ತಿದ್ದರು.

“ಮಾವ! ಲೈಟರ್ ಕೆಳಗಿಡಿ!”

ನಾನು ಕಿರುಚಿದ್ದು ಎದುರು ಮನೆಗೂ ಕೇಳಿಸಿರಬೇಕು. ಓಡಿಹೋಗಿ ಸಿಲಿಂಡರ್ ಬಂದ್ ಮಾಡಿದೆ, ಕಿಟಕಿಗಳನ್ನೆಲ್ಲ ತೆರೆದೆ. ಸಿಟ್ಟಿನಲ್ಲಿ ಬಾಯಿಗೆ ಬಂದಂತೆ ಬೈದೆ. ಇಷ್ಟು ವಾಸನೆ ಬರುತ್ತಿದೆ, ಎಮ್ಮೆಗಾದರೂ ಗೊತ್ತಾಗುತ್ತೆ, ನಿಮ್ಮ ಮೂಗು ಎಲ್ಲಿಟ್ಟಿದ್ದೀರಿ ಎಂದೆ. ಮಾವ ಲೈಟರನ್ನು ಮೆಲ್ಲಗೆ ಕಟ್ಟೆಯ ಮೇಲಿಟ್ಟು ನನ್ನನ್ನೇ ನೋಡಿದರು. ಮುಖದಲ್ಲಿ ರಕ್ತವಿರಲಿಲ್ಲ.

“ಮೂಗು ಹೋಗಿದೆ ಕಣಮ್ಮ. ಆ ಜ್ವರ ಬಂತಲ್ಲ, ಅವಾಗಿಂದ ಎಂಥದೂ ಗೊತ್ತಾಗ್ತಿಲ್ಲ. ಕಾಫಿ ಬಿಸಿನೀರಿನ ಹಾಗಿರುತ್ತೆ.”

ಮಳೆಗಾಲ ಮುಗಿಯುವ ಹೊತ್ತಿಗೆ ಅವರಿಗೆ ಜೋರು ಜ್ವರ ಬಂದು ಹೋಗಿದ್ದು ನನಗೆ ಗೊತ್ತಿತ್ತು. ಇದು ಗೊತ್ತಿರಲಿಲ್ಲ. ಮಾವ ಯಾರಿಗೂ ಹೇಳಿರಲಿಲ್ಲ. ವಾಸನೆ ಮರಳಿ ಬಂದರೂ ಬರಬಹುದು ಎಂದು ಡಾಕ್ಟರು ಅಂದಿದ್ದರಂತೆ. ಹೊಸ ಬೆಳೆ ಬರುವಷ್ಟರಲ್ಲಿ ಸರಿಹೋಗುತ್ತೆ ಎಂದು ನಂಬಿಕೊಂಡು, ಅಲ್ಲಿಯವರೆಗೆ ಹೇಗೋ ತಳ್ಳೋಣವೆಂದು ಬಾಯಿ ಮುಚ್ಚಿಕೊಂಡಿದ್ದರು.

“ಅವ್ಳಿಗೆ ಹೇಳ್ಬೇಡ. ನಾನು ಅಂದ್ರೆ ಈ ಮೂಗಷ್ಟೇ. ಇನ್ನೇನಿದೆ ನನ್ನ ಹತ್ರ? ಆ ದ್ರಾಕ್ಷಿತೋಟಕ್ಕೆ ಟಿಕೆಟ್ ಸಿಗ್ಲಿಲ್ಲ ಅಂತ ಏನಾದ್ರೂ ಮಾಡಿ ತಪ್ಸಿಬಿಡು. ಅಲ್ಲಿ ಲೋಟ ಮೂಗಿಗೆ ಹಿಡಿದು ‘ಹೇಳಿ ಸಾರ್’ ಅಂತಾರೆ. ಅವ್ಳು ಪಕ್ಕದಲ್ಲೇ ನಿಂತಿರ್ತಾಳೆ...”

ಅಷ್ಟು ಗತ್ತಿನ ಮನುಷ್ಯ ಹಾಗೆ ಕೈಮುಗಿಯುವಂತೆ ನಿಂತದ್ದನ್ನು ನೋಡಲಾಗಲಿಲ್ಲ. ಒಬ್ಬರೇ ಇದ್ದಾಗ ಒಲೆ ಹಚ್ಚುವುದಿಲ್ಲ ಎಂದು ಆಣೆ ಮಾಡಿಸಿಕೊಂಡು ಒಪ್ಪಿದೆ. ಆಮೇಲೆ ನನಗೆ ನೆಮ್ಮದಿಯೇ ಇಲ್ಲ. ಅತ್ತೆ ಗೋಡೆಯಾಚೆಯಿಂದ “ಟಿಕೆಟ್ ಆಯ್ತೇನೇ?” ಎಂದರೆ ವೇಯ್ಟಿಂಗ್ ಲಿಸ್ಟ್ ಎನ್ನುತ್ತಿದ್ದೆ. ಮಾವ ಅವರ ಹಿಂದೆ ನಿಂತು ನನ್ನ ಬಾಯನ್ನೇ ನೋಡುತ್ತಿದ್ದರು. ಅಷ್ಟರಲ್ಲಿ ಕಾಫಿ ತೋಟಗಳಲ್ಲಿ ಹಣ್ಣು ಕೊಯ್ಲು ಶುರುವಾಗಿತ್ತು. ಕಾಫಿ ಮೂಟೆ ಹೇರಿದ ಲಾರಿಯೊಂದು ನಮ್ಮ ರಸ್ತೆಯಲ್ಲಿ ಹೋದರೂ ಅವರು ಜಗಲಿಯಿಂದ ಎದ್ದು ಒಳಗೆ ಹೋಗುತ್ತಿದ್ದರು.

ಒಂದು ಮಧ್ಯಾಹ್ನ ಅತ್ತೆ ಒಬ್ಬರೇ ಆಫೀಸಿಗೆ ಬಂದು, ಕುರ್ಚಿ ಎಳೆದುಕೊಂಡು, ಪೀಠಿಕೆಯಿಲ್ಲದೆ ಕೇಳಿದರು.

“ಟಿಕೆಟ್ ಇದೆ ಅಲ್ವಾ?”

ನಾನು ಕಂಪ್ಯೂಟರ್ ನೋಡುವಂತೆ ನಟಿಸಿದೆ.

“ಸುಳ್ಳು ಹೇಳಕ್ಕೆ ನಿಂಗೆ ಬರಲ್ಲ, ಬಿಡು. ಅವ್ರ ಮೂಗು ಹೋಗಿರೋದು ನಂಗೆ ಗೊತ್ತಿದೆ. ಮೂವತ್ತು ವರ್ಷ ನನ್ನ ಕಾಫಿಗೆ ಹೆಸರಿಟ್ಟ ಮನುಷ್ಯ ಕಣೇ. ಒಂದಿನ ಹಾಲು ಸೀದಿತ್ತು. ಬೈಸ್ಕೊಳ್ಳೋಣ ಅಂತ ಕಾದೆ. ಚೆನ್ನಾಗಿದೆ ಅಂದ್ರು. ಮಾರನೇ ದಿನ ಬೇಕಂತ್ಲೇ ಚಿಕೋರಿ ಸುರಿದು ಕೊಟ್ಟೆ. ಅದಕ್ಕೂ ಚೆನ್ನಾಗಿದೆ ಅಂದ್ರು. ಹಿತ್ತಲಿಗೆ ಹೋಗಿ ಅತ್ತುಬಿಟ್ಟೆ.”

ಗೊತ್ತಿದ್ದೂ ವೈನ್ ತೋಟಕ್ಕೇ ಯಾಕೆ ಎಳೆದುಕೊಂಡು ಹೋಗುತ್ತೀರಿ ಎಂದು ಕೇಳಿದೆ.

“ಈ ಊರಲ್ಲಿ ಅವ್ರು ಟೇಸ್ಟರು. ಬಾಯಿ ಬಿಡಕ್ಕಾಗಲ್ಲ. ಅಲ್ಲಿ ಅವ್ರು ಯಾರೋ ಒಬ್ರು. ಗೊತ್ತಾಗ್ಲಿಲ್ಲ ಅಂದ್ರೆ ನಗೋರು ಯಾರು? ಫೆಬ್ರವರೀಲಿ ಹೋಗಿ ಆ ಕಪ್ಪುಗಳ ಮುಂದೆ ನಿಂತ್ಕೊಂಡು, ಯಾರದ್ದೋ ವರ್ಷದ ಬೆಳೆಗೆ ಗೊತ್ತಿಲ್ದೆ ಏನೋ ಒಂದು ಹೇಳಿದ್ರೆ, ಆಮೇಲೆ ಅವ್ರು ಬದುಕಲ್ಲ. ಅದಕ್ಕೆ ಮುಂಚೆ ಅವ್ರ ಬಾಯಿಂದ್ಲೇ ಬರ್ಬೇಕು. ನಾನು ಕಂಡುಹಿಡಿದೆ ಅಂತ ಆಗ್ಬಾರ್ದು.”

ಅವತ್ತೇ ಟಿಕೆಟ್ ಮಾಡಿದೆ. ಸಂಜೆ ಮಾವನಿಗೆ ಕೊಟ್ಟಾಗ ಅವರು ನನ್ನ ಮುಖ ನೋಡಲಿಲ್ಲ. ಹೊರಡುವ ದಿನ ಕಾರಿನಲ್ಲಿ ನೇಣಿಗೆ ಹೋಗುವವರಂತೆ ಕುಳಿತಿದ್ದರು. ಅತ್ತೆ ಮಾತ್ರ ಹೊಸ ಇಳಕಲ್ ಸೀರೆಯಲ್ಲಿ ಕೈ ಬೀಸಿದರು. ಮದುವೆಯ ದಿನ ಇಬ್ಬರ ಫೋನೂ ಬಂದ್. ನಾನು ಸಂಜೆಯವರೆಗೆ ಯಾರ ಬಸ್ ಟಿಕೆಟನ್ನೂ ನೆಟ್ಟಗೆ ಮಾಡಲಿಲ್ಲ. ಬೆಂಗಳೂರಿಗೆ ಹೋಗುವವರೊಬ್ಬರಿಗೆ ಬೆಳಗಾವಿಗೆ ಸೀಟು ಕೊಟ್ಟು ಬೈಸಿಕೊಂಡೆ.

ಅಲ್ಲಿ ನಡೆದದ್ದನ್ನು ಮಾವನೇ ಬಂದು ಹೇಳಿದರು. ಉದ್ದನೆಯ ಮೇಜಿನ ಸುತ್ತ ಹತ್ತಾರು ಜನ. ವೈನಿನ ಲೋಟ ಮೂಸಿ ಒಬ್ಬೊಬ್ಬರೂ ಏನೋ ಒಂದು ಹೇಳುತ್ತಿದ್ದರು. ಮಾವನ ಸರದಿ ಬಂತು. ಲೋಟ ಎತ್ತಿದರು. ಮೂಸಿದರು. ಮತ್ತೆ ಮೂಸಿದರು. ಸುತ್ತ ಎಲ್ಲರೂ ಕಾಯುತ್ತಿದ್ದಾರೆ. ಅಭ್ಯಾಸಬಲದಿಂದ ಏನಾದರೂ ಹೇಳಿ ಪಾರಾಗಬಹುದಿತ್ತು, ಮಾತು ನಾಲಿಗೆಯ ತುದಿಗೆ ಬಂದಿತ್ತಂತೆ. ಹೇಳಲಾಗಲಿಲ್ಲ. ಲೋಟವನ್ನು ಅತ್ತೆಯ ಕೈಗಿಟ್ಟು, “ನಂಗೆ ವಾಸನೆ ಬರ್ತಿಲ್ಲ ಕಣೇ. ನೀನೇ ಹೇಳು” ಎಂದರು.

ಅತ್ತೆ ಬೆಚ್ಚಲಿಲ್ಲವಂತೆ. ಯಾವಾಗಿಂದ ಎಂದೂ ಕೇಳಲಿಲ್ಲ. ಮೂಸಿ ಹೇಳಿದ್ದಿಷ್ಟು: “ನಮ್ಮೂರಲ್ಲಿ ಕಾಫಿ ಹಣ್ಣು ಪಲ್ಪ್ ಮಾಡಿ ಸಿಪ್ಪೆ ರಾಶಿ ಹಾಕ್ತಾರಲ್ಲ, ಮೂರನೇ ದಿನಕ್ಕೆ ಬಿಸಿಲು ಬಿದ್ರೆ ಬರುತ್ತಲ್ಲ, ಅದೇ ವಾಸನೆ. ಸ್ವಲ್ಪ ನೇರಳೆ ಹಣ್ಣು ಸೇರ್ಸಿ.”

“ಅವ್ಳು ಹೇಳ್ತಿದ್ದ ಹಾಗೆ ನಂಗೆ ಆ ಸಿಪ್ಪೆ ರಾಶಿ ಕಣ್ಣಿಗೆ ಕಟ್ತು ಕಣಮ್ಮ,” ಎಂದರು ಮಾವ. “ಅಷ್ಟು ಜನರ ಮುಂದೆ ಅತ್ತುಬಿಟ್ಟೆ. ವೈನ್ ಜಾಸ್ತಿಯಾಯ್ತು ಅಂದ್ಕೊಂಡಿರ್ಬೇಕು.”

ಅವತ್ತಿನ ವೈನ್ ಬಾಟಲಿಯ ಕಾರ್ಕನ್ನು ನನಗೆ ತಂದುಕೊಟ್ಟರು. ಮರುದಿನ ಕ್ಯೂರಿಂಗ್ ವರ್ಕ್ಸಿಗೆ ಹೋಗಿ ವಿಷಯ ಹೇಳಿ, ಕಪ್ಪು, ಚಮಚಗಳನ್ನು ಬೇರೆಯವರಿಗೆ ಒಪ್ಪಿಸಿ ಬಂದರು. ಮೂಗು ಮತ್ತೆ ಬರಲೇ ಇಲ್ಲ. ಆದರೆ ಪ್ರತಿ ಬೆಳಗ್ಗೆ ಗೋಡೆಯಾಚೆಯಿಂದ ಅತ್ತೆಯ ದನಿ ಕೇಳುತ್ತಿತ್ತು: “ಇವತ್ತು ಡಿಕಾಕ್ಷನ್ ಗಟ್ಟಿಯಾಗಿದೆ, ಹಾಲು ಒಂಚೂರು ಹೊತ್ತಿದೆ.” ಹಿಂದೆಯೇ ಮಾವನ ದನಿ: “ಉರಿ ಸಣ್ಣ ಮಾಡು ಅಂತ ಎಷ್ಟು ಸಲ ಹೇಳ್ಬೇಕು ನಿಂಗೆ?” ಅತ್ತೆ ಹೇಳಿಕೊಟ್ಟ ತಪ್ಪಿಗೆ ಮಾವ ಬೈಯುವುದು. ನಾನು ಗೋಡೆಯ ಈಚೆ ಒಬ್ಬಳೇ ನಗುತ್ತಿದ್ದೆ. ಕೆಲವು ವರ್ಷ ಹಾಗೇ ನಡೆಯಿತು. ಕಳೆದ ಮಳೆಗಾಲದಲ್ಲಿ, ಎದೆನೋವು ಅಂದ ಮಾವ ಆಸ್ಪತ್ರೆ ಮುಟ್ಟುವ ಮೊದಲೇ... ಆ ದನಿ ನಿಂತುಹೋಯಿತು. ಬೆಳಗ್ಗೆ ಎದ್ದರೆ ಈಗಲೂ ನನ್ನ ಕಿವಿ ಆ ಗೋಡೆಯ ಕಡೆಗೇ ಇರುತ್ತದೆ.

ಕಾರ್ಕ್ ಸಿಕ್ಕ ಸಂಜೆ ಅದನ್ನು ಹಿಡಿದುಕೊಂಡು ಅತ್ತೆಯ ಮನೆಗೆ ಹೋದೆ. ಅವರು ಮೂಸಿ ನೋಡಿ, ಸೆರಗಿನಲ್ಲಿ ಒರೆಸಿ, ಮಾವನ ಫೋಟೋದ ಮುಂದಿಟ್ಟರು. “ಎಂಥದೂ ಇಲ್ಲ, ಹೋಗಿದೆ” ಎಂದರು. ಆಮೇಲೆ ಅಡುಗೆಮನೆಗೆ ಹೋಗಿ ಕಾಫಿ ಮಾಡಿ ತಂದರು.

“ಬೆಳಗ್ಗೆ ಲೋಟ ಎತ್ತಿದ್ರೆ ಹೇಳಕ್ಕೆ ಬಾಯಿಗೆ ಬರುತ್ತೆ ಕಣೇ. ಯಾರಿಗೆ ಹೇಳ್ಲಿ?”

ನಾನು ಕಾಫಿ ಕುಡಿದೆ. ಚೆನ್ನಾಗಿದೆ ಎನ್ನಲು ಬಾಯಿ ತೆರೆದವಳು ತಡೆದುಕೊಂಡೆ.

“ಹಾಲು ಸೀದಿದೆ ಅತ್ತೆ. ಉರಿ ಸಣ್ಣ ಮಾಡ್ಬೇಕಿತ್ತು.”

ಅತ್ತೆ ನನ್ನನ್ನೇ ನೋಡಿದರು. ಕಣ್ಣು ತುಂಬಿ ಬಂತು. ನನ್ನ ಕೈಯಿಂದ ಲೋಟ ಕಿತ್ತುಕೊಂಡು, “ಕೊಡಿಲ್ಲಿ, ಬೇರೆ ಮಾಡ್ತೀನಿ” ಎಂದು ಒಳಗೆ ಹೋದರು.