ವೀಣೆಗಾಗಿ ಹಾಕಿದ ಫ್ಯೂಸ್

ಕುಣಿಗಲ್‌ನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಅನಂತರಾಜುವಿಗೆ ವೀಣೆ ಕೇಳುವುದೆಂದರೆ ಪ್ರಾಣ. ನಾದ ಇನ್ನೂ ತಿಳಿಯಾಗುತ್ತದೆಂಬ ಜಾಹೀರಾತು ನಂಬಿ, ಮನೆಯಲ್ಲಿ ರೆಕಾರ್ಡ್ ಕೇಳುವ ಆಂಪ್ಲಿಫೈಯರಿಗೆ ಚಿನ್ನದ ಲೇಪವಿದ್ದ ಫ್ಯೂಸ್ ತರಿಸಿ ಹಾಕಿದ. ಅದರ ಆಂಪಿಯರ್, ಅಂದರೆ ಅದು ತಾಳಿಕೊಳ್ಳುವ ಕರೆಂಟಿನ ಮಿತಿ, ಹಳೆಯದಕ್ಕಿಂತ ಹೆಚ್ಚಿದ್ದದ್ದನ್ನು ನೋಡಲೇ ಇಲ್ಲ.

"ಕೇಳೇ ಪ್ರಮೀಳಾ, ತಂತಿ ಎಷ್ಟು ಚೆನ್ನಾಗಿ ನುಡೀತಿದೆ!"

"ನಂಗೇನೂ ವ್ಯತ್ಯಾಸ ಗೊತ್ತಾಗ್ತಿಲ್ಲ ಕಣ್ರೀ. ಏನೋ ಸುಟ್ಟ ವಾಸ್ನೆ ಬರ್ತಿದೆ" ಎಂದಳು ಹೆಂಡತಿ.

ಆಂಪ್ಲಿಫೈಯರ್ ಹಿಂದಿನಿಂದ ಹೊಗೆಯೆದ್ದು ಕರ್ಟನ್ನಿನತ್ತ ಹೊರಳಿತು. ಅನಂತರಾಜು ಹೇಗೋ ಸ್ವಿಚ್ ಆರಿಸಿ ಪ್ಲಗ್ ಕಿತ್ತ. ಒಳಗೆಲ್ಲೋ ಶಾರ್ಟ್ ಆಗಿ ವೈರುಗಳೆಲ್ಲ ಕರಕಲಾಗಿದ್ದವು. ಮೊದಲೇ ಸುಟ್ಟು ಕರೆಂಟು ತಡೆಯಬೇಕಿದ್ದ ಫ್ಯೂಸ್ ಮಾತ್ರ ಫಳಫಳ ಹೊಳೆಯುತ್ತಿತ್ತು.

ರಿಪೇರಿಯಾಗಿ, ಸರಿಯಾದ ಮಾಮೂಲಿ ಫ್ಯೂಸ್ ಹಾಕಿಸಿದಾಗಲೂ ವೀಣೆ ಅಷ್ಟೇ ಇಂಪಾಗಿ ಕೇಳಿತು. ಆದರೆ ಅವನಿಗೆ ಕಣ್ಮುಚ್ಚಿ ಕೇಳುವ ಧೈರ್ಯ ಬರಲಿಲ್ಲ. ಸ್ವಿಚ್ಚಿನ ಮೇಲೆ ಕೈಯಿಟ್ಟೇ ಕೂರುತ್ತಿದ್ದ.